ಕರೆಂಟು ಬೇಡದ ಎಂಜಿನ್ನಿಗೆ ಒಂದು ತಂತಿ

ಬ್ಯಾಡಗಿ ಕಡೆಗೆ ದಾರಿ ಹೊರಳುವ ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಬಿಟ್ಟು ಬದಿಯ ರಸ್ತೆಗೆ ಇಳಿದರೆ ಮೊದಲು ಮೂಗಿಗೆ ಬಡಿಯುವುದು ಒಣಮೆಣಸಿನಕಾಯಿಯ ಘಾಟು. ಅದರ ಹಿಂದೆಯೇ ಡೀಸೆಲ್ಲು, ಬಿಸಿಯಾದ ರಬ್ಬರು, ಗೂಡಂಗಡಿಯಲ್ಲಿ ಆಗಷ್ಟೇ ಬಾಣಲೆಗೆ ಬಿದ್ದ ಮಿರ್ಚಿಯ ಎಣ್ಣೆ. ಜನವರಿಯ ಬೆಳಗು, ಇನ್ನೂ ಏಳು ಗಂಟೆಯಾಗಿಲ್ಲ. ತಗಡಿನ ಶೆಡ್ಡಿನ ಮುಂದೆ ನಿಂತ ಹಳೆಯ ಟಾಟಾ ಲಾರಿಯ ಗಾಜಿನ ಮೇಲೆ ಇಬ್ಬನಿ ಗೆರೆಗೆರೆಯಾಗಿ ಇಳಿಯುತ್ತಿದೆ. ಬಾನೆಟ್ ಎತ್ತಿದ ಎಂಜಿನ್ನಿನ ಮಗ್ಗುಲಲ್ಲಿ ಒಬ್ಬರು ಬಗ್ಗಿ ನಿಂತು ಏನನ್ನೋ ಒತ್ತುತ್ತಿದ್ದಾರೆ. ಟಪ್, ಟಪ್, ಟಪ್. ನಿಲ್ಲಿಸುತ್ತಾರೆ, ಉಸಿರು ಬಿಡುತ್ತಾರೆ, ಮತ್ತೆ ಟಪ್, ಟಪ್. ಬನ್ನಿ, ಸದ್ದು ಮಾಡದೆ ಈ ಮಲಗಿಸಿದ ಟೈರಿನ ಮೇಲೆ ಕೂತು ನೋಡೋಣ.

ಒತ್ತುತ್ತಿರುವವರು ಲಾರಿಯ ಡ್ರೈವರ್. ಅರವತ್ತರ ಆಸುಪಾಸು, ಕಿವಿ ಮುಚ್ಚುವಂತೆ ಸುತ್ತಿದ ಟವೆಲ್ಲು. ಅವರ ಅಂಗೈಯಡಿ ಇರುವುದು ಹ್ಯಾಂಡ್ ಪ್ರೈಮರ್, ಹೆಬ್ಬೆರಳಿನಷ್ಟು ದಪ್ಪದ ಒಂದು ಗುಬಟು. ರಾತ್ರಿಯಿಡೀ ನಿಂತ ಲಾರಿಯ ಪೈಪಿನೊಳಗೆ ಗಾಳಿ ಸೇರಿಕೊಂಡು, ಡೀಸೆಲ್ ಟ್ಯಾಂಕಿಗೆ ವಾಪಸು ಇಳಿದುಹೋಗಿರುತ್ತದೆ. ಅದನ್ನು ಮತ್ತೆ ಮೇಲಕ್ಕೆ ಎಳೆದು ತರಬೇಕು. ಎರಡು ವರ್ಷದಿಂದ ಬೆಳಗಿನ ಚಹಾಕ್ಕೂ ಮೊದಲು ಇದೇ ಕೆಲಸವಂತೆ. ಕೈ ತೋರಿಸಿದರು. ಹೆಬ್ಬೆರಳ ಬುಡದಲ್ಲಿ ಗಟ್ಟಿಯಾದ ಜಡ್ಡು, ಅದರ ಸುತ್ತ ಯಾವ ಸೋಪಿಗೂ ಹೋಗದ ಕಪ್ಪು.

“ಈ ಚಳಿಯೊಳಗ ಐವತ್ತು ಸಲ ಹೊಡಿಬೇಕ್ರಿ, ಒಮ್ಮೊಮ್ಮೆ ನೂರು. ವಯಸ್ಸಾತು, ರಟ್ಟಿ ಹಿಡಿತೈತಿ.”

ಎಂಜಿನ್ನಿನ ಮೇಲೆ ಅಂಟಿದ ಮಸಿಯನ್ನು ಶೆಡ್ಡಿನ ಹುಡುಗ ಬಟ್ಟೆಯಿಂದ ಒರೆಸುತ್ತಿದ್ದಾನೆ. ಇದು 697. ಲಾರಿ ಬಲ್ಲವರಿಗೆ ಆ ಅಂಕಿಯೇ ಒಂದು ಹೆಸರು. ಮೊದಲ ಅಂಕಿ ಆರು ಸಿಲಿಂಡರಿಗೆ, ಉಳಿದದ್ದು ಒಂದೊಂದು ಸಿಲಿಂಡರಿನ ಅಗಲಕ್ಕೆ, 97 ಮಿಲಿಮೀಟರ್. 1954ರಲ್ಲಿ ಜರ್ಮನಿಯ ಬೆಂಜ್ ಕಂಪನಿಯ ಜೊತೆ ಟಾಟಾ ಮಾಡಿಕೊಂಡ ಹದಿನೈದು ವರ್ಷದ ಕರಾರಿನ ವಂಶದ್ದು. ಕರಾರು ಮುಗಿದ ಮೇಲೆ ಲಾರಿಯ ಮೂಗಿನ ಮೇಲಿದ್ದ ಬೆಂಜ್ ನಕ್ಷತ್ರ ಹೋಗಿ ‘ಟಿ’ ಅಕ್ಷರ ಬಂತು. ಎಂಜಿನ್ನು ಮಾತ್ರ ದಶಕಗಟ್ಟಲೆ ಅದೇ ಜಾಡಿನಲ್ಲಿ ಓಡಿತು. ಅದರ ಮಗ್ಗುಲಲ್ಲಿ ಕೂತ ಉದ್ದನೆಯ ಇಂಜೆಕ್ಷನ್ ಪಂಪಿನ ಮೇಲೆ ಹುಡುಗನ ಬಟ್ಟೆ ಓಡಾಡಿದಾಗ ಸಣ್ಣ ತಗಡಿನ ಪಟ್ಟಿಯೊಂದು ಹೊಳೆಯಿತು: ಮೈಕೊ. 1951ರಲ್ಲಿ ಶುರುವಾದ, ಬೆಂಗಳೂರಿನ ಆ ಕಂಪನಿಗೆ ಈಗ ಬಾಷ್ ಎಂಬ ಹೆಸರು. ಲಾರಿ ಮೇಸ್ತ್ರಿಗಳ ಬಾಯಲ್ಲಿ ಅದು ಇನ್ನೂ ಮೈಕೊ ಪಂಪೇ.

ಇಂಥ ಎಂಜಿನ್ನಿನ ದೊಡ್ಡ ಗುಣವೆಂದರೆ ಒಮ್ಮೆ ಸೆಲ್ಫ್ ಹೊಡೆದು ಎಬ್ಬಿಸಿದ ಮೇಲೆ ಅದಕ್ಕೆ ಕರೆಂಟಿನ ಹಂಗಿಲ್ಲ. ಕಿಡಿ ಹಾರಿಸುವ ಪ್ಲಗ್ಗಿಲ್ಲ, ಕಂಪ್ಯೂಟರಿಲ್ಲ. ಹದಿನೇಳು ಪಾಲು ಗಾಳಿಯನ್ನು ಒಂದು ಪಾಲಿಗೆ ಅದುಮಿದಾಗ ಹುಟ್ಟುವ ಕಾವೇ ಡೀಸೆಲ್ಲನ್ನು ಹೊತ್ತಿಸುತ್ತದೆ. ಬ್ಯಾಟರಿಯ ವಯರು ಬಿಚ್ಚಿದರೂ ಓಡುತ್ತದೆ. ನಿಲ್ಲಿಸಬೇಕೆಂದರೆ ಚಾವಿ ತಿರುಗಿಸಿ ಲಾಭವಿಲ್ಲ. ಡ್ಯಾಶ್‌ಬೋರ್ಡಿನ ಕೆಳಗಿನ ಗುಬಟನ್ನು ಎಳೆದು ಡೀಸೆಲ್ಲನ್ನೇ ಕಡಿಯಬೇಕು. ಮೂವತ್ತು ವರ್ಷ ಹೀಗೆ ತನ್ನ ಪಾಡಿಗೆ ತಾನು ದುಡಿದ ಗಾಡಿಗೆ, ಬೆಳಗಿನ ಈ ಒತ್ತಾಟ ತಪ್ಪಲೆಂದು, ಇವತ್ತು ವಯರಿಂಗ್ ಮೇಸ್ತ್ರಿ ಕರೆಂಟಿನ ಡೀಸೆಲ್ ಪಂಪು ಕೂರಿಸಲಿದ್ದಾರೆ. ಡ್ರೈವರ್ ಮುಖದಲ್ಲಿರುವ ಅಳುಕಿಗೆ ಕಾರಣ ಚಳಿಯಲ್ಲ.

“ಕರೆಂಟ್ ಕೈಕೊಟ್ರ ನಡೂದಾರ್ಯಾಗ ಗಾಡಿ ನಿಲ್ತೈತೇನಪಾ?”

“ಕಾಕಾ, ಹಳೇ ಫೀಡ್ ಪಂಪಿಗೆ ನಾ ಕೈ ಹಚ್ಚಂಗಿಲ್ಲ. ಅದು ಇದ್ದಲ್ಲೇ ಇರ್ತೈತಿ. ಹೊಸಾದು ಮಲಗಿದ್ರ ಎಣ್ಣಿ ಬ್ಯಾರೆ ದಾರೀಲೆ ಹೋಗ್ಲಿ ಅಂತ ಬೈಪಾಸ್ ಇಡ್ತೀನಿ.”

ಫೀಡ್ ಪಂಪೆಂದರೆ ಟ್ಯಾಂಕಿನಿಂದ ಡೀಸೆಲ್ ಎಳೆದು ಮೈಕೊ ಪಂಪಿಗೆ ಕೊಡುವ, ಎಂಜಿನ್ನೇ ನಡೆಸುವ ಪಂಪು. ಬೈಪಾಸ್ ಎಂದರೆ ಹೊಸ ಪಂಪಿನ ಪಕ್ಕದಿಂದ ಹಾಯುವ ಒಂದು ಸಣ್ಣ ಪೈಪು, ನಡುವೆ ಒಂದೇ ದಿಕ್ಕಿಗೆ ತೆರೆಯುವ ವಾಲ್ವು. ಪಂಪು ದೂಡುವಾಗ ಅದು ಮುಚ್ಚಿಕೊಂಡಿರುತ್ತದೆ. ಪಂಪು ಸತ್ತರೆ ಎಂಜಿನ್ನಿನ ಎಳೆತಕ್ಕೆ ತೆರೆದುಕೊಳ್ಳುತ್ತದೆ. ಡ್ರೈವರ್ ಅದನ್ನು ಕೈಗೆ ತೆಗೆದುಕೊಂಡು ಬಾಯಿಗಿಟ್ಟು ಊದಿದರು. ಒಂದು ಕಡೆಯಿಂದ ಗಾಳಿ ಹೋಯಿತು, ತಿರುಗಿಸಿ ಊದಿದರೆ ಹೋಗಲಿಲ್ಲ. ಆಗ ಸಮಾಧಾನವಾಯಿತು. ಚಹಾ ಹೇಳಿ ಬಂದರು.

ಮೇಸ್ತ್ರಿ ಮೊದಲು ಮಾಡಿದ ಕೆಲಸ ಪಂಪನ್ನೇ ವಾಪಸು ಕಳಿಸಿದ್ದು. ಮಾಲೀಕರು ಅಗ್ಗವೆಂದು ತರಿಸಿದ್ದು 12 ವೋಲ್ಟಿನದು. ಈ ಲಾರಿಯ ಪೆಟ್ಟಿಗೆಯಲ್ಲಿ ಎರಡು ಬ್ಯಾಟರಿಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿ 24 ವೋಲ್ಟು ಮಾಡಿರುತ್ತಾರೆ. ಒಂದೇ ಬ್ಯಾಟರಿಯಿಂದ ವಯರು ಎಳೆದು 12 ವೋಲ್ಟು ತೆಗೆದರೆ ನಡೆಯುತ್ತದೆ, ಎಷ್ಟೋ ಲಾರಿಗಳಲ್ಲಿ ಟೇಪ್ ರೆಕಾರ್ಡರಿಗೆ ಹಾಗೇ ತೆಗೆದಿದ್ದುಂಟು. ಆದರೆ ದಿನವಿಡೀ ಒಂದೇ ಬ್ಯಾಟರಿ ದುಡಿದು ಅದು ಸೊರಗುತ್ತದೆ, ಚಾರ್ಜಾಗುವಾಗ ಇನ್ನೊಂದು ಉಕ್ಕುತ್ತದೆ. “ನೊಗಕ್ಕ ಕಟ್ಟಿದ ಜೋಡೆತ್ತಿದ್ದಂಗರಿ ಇವು. ಒಂದರ ಬೆನ್ನ ಮ್ಯಾಲ ಅಷ್ಟ ಹೇರು ಹಾಕಿದ್ರ ಎರಡೂ ಹಾಳು” ಎಂದರು ಮೇಸ್ತ್ರಿ, ಹೊಸ 24 ವೋಲ್ಟಿನ ಪಂಪನ್ನು ರಟ್ಟಿನ ಡಬ್ಬಿಯಿಂದ ತೆಗೆಯುತ್ತ. ಮುಷ್ಟಿಯಷ್ಟು ಗಾತ್ರ. ಕಾರಿನ ಪೆಟ್ರೋಲ್ ಪಂಪಿನಂತೆ ಜೋರು ಒತ್ತಡದ್ದಲ್ಲ, ಮೆಲ್ಲಗೆ ದೂಡುವಂಥದ್ದು. ಇಲ್ಲಿ ಅಷ್ಟೇ ಬೇಕು. ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಝಲ್ ತೆರೆಸುವ ಇನ್ನೂರು ಬಾರಿನ ಒತ್ತಡ ಹುಟ್ಟಿಸುವುದು ಮೈಕೊ ಪಂಪಿನ ಪಾಲಿನ ಕೆಲಸ.

ಪಂಪು ಕೂತದ್ದು ಟ್ಯಾಂಕಿನ ಪಕ್ಕ, ಚಾಸಿಯ ಒಳಮೈಗೆ, ಟ್ಯಾಂಕಿನ ತಳಕ್ಕಿಂತ ಹೆಚ್ಚು ಎತ್ತರವಾಗದಂತೆ. ಈ ಪಂಪಿಗೆ ಎಳೆಯುವುದಕ್ಕಿಂತ ದೂಡುವುದು ಸಲೀಸು, ಹಾಗಾಗಿ ಎಂಜಿನ್ನಿನ ಬಳಿ ಕೂರಿಸಬಾರದು. ಒಳಗೆ ತಿರುಗುವ ಭಾಗಗಳಿಗೆ ಡೀಸೆಲ್ಲೇ ಎಣ್ಣೆ, ಡೀಸೆಲ್ಲೇ ತಂಪು. ಒಣಗಿ ಓಡಿದರೆ ಸವೆಯುತ್ತದೆ. ಅದರ ಮುಂಚೆ ಒಂದು ಜಾಳಿಗೆಯ ಫಿಲ್ಟರು. ಹುಡುಗ ಲಾರಿಯಡಿ ಅಂಗಾತ ಮಲಗಿ ರಬ್ಬರ್ ಬುಷ್ಷಿನ ಮೇಲೆ ಬೋಲ್ಟು ತಿರುವುತ್ತಿದ್ದಾನೆ, ಅವನ ಕಾಲುಗಳಷ್ಟೇ ನಮಗೆ ಕಾಣುತ್ತಿವೆ. ಚಾಸಿಯ ಅಂಚಿನ ಗ್ರೀಸಿನಲ್ಲಿ ವರ್ಷಗಳಿಂದ ಅಂಟಿದ್ದ ಮೆಣಸಿನ ಬೀಜ ಉದುರಿ ಅವನ ಮುಖದ ಮೇಲೆ ಬಿತ್ತು. ಸಾಲಾಗಿ ನಾಲ್ಕು ಸೀನು ಕೇಳಿಸಿದವು.

ಈಗ ವಯರು. ಬ್ಯಾಟರಿಯಿಂದ ಪಂಪಿನವರೆಗೆ ಏಳು ಮೀಟರು, ಎರಡೂವರೆ ಚದರ ಮಿಲಿಮೀಟರಿನ ಕೆಂಪು ತಾಮ್ರದ ತಂತಿ. ಪಂಪು ಎಳೆಯುವುದು ಎರಡು ಮೂರು ಆಂಪಿಯರು, ಇದಕ್ಕಿಂತ ಸಣ್ಣದೂ ಸಾಕಿತ್ತು. ಕಲ್ಲು ಕೆಸರು ಹೊಡೆಯುವ ಜಾಗದಲ್ಲಿ ದಪ್ಪ ತಂತಿ ಬಾಳಿಕೆಗೆ ಬರುತ್ತದೆ ಎಂಬುದು ಮೇಸ್ತ್ರಿಯ ಲೆಕ್ಕ. ಬ್ಯಾಟರಿಯಿಂದ ಗೇಣು ದೂರದಲ್ಲೇ ಫ್ಯೂಸು, ಹತ್ತು ಆಂಪಿಯರಿನದು. ಪಂಪಿನ ಹತ್ತಿರ ಯಾಕಲ್ಲ ಎಂದು ಹುಡುಗ ಕೇಳಿದ. ಫ್ಯೂಸು ಕಾಯುವುದು ತಂತಿಯನ್ನು. ನಡುವೆ ಎಲ್ಲಾದರೂ ತಂತಿ ಚಾಸಿಗೆ ಉಜ್ಜಿ ಸಿಪ್ಪೆ ಹೋದರೆ ಬೆಂಕಿ ಹತ್ತುವ ಮೊದಲು ತಾನು ಸಾಯಬೇಕು, ಅದಕ್ಕೆ ಬುಡದಲ್ಲೇ ಇರಬೇಕು ಎಂದು ಮೇಸ್ತ್ರಿ ಬಿಡಿಸಿ ಹೇಳಿದರು. ಜಾಯಿಂಟುಗಳಿಗೆ ಬೆಸುಗೆ ಹಾಕಲಿಲ್ಲ. ಬೆಸುಗೆ ಮುಗಿದ ಅಂಚಿನಲ್ಲಿ ತಂತಿ ಸೆಟೆದು, ಲಾರಿಯ ಅಲುಗಾಟಕ್ಕೆ ಅಲ್ಲೇ ಕಡಿಯುತ್ತದೆ. ತಾಮ್ರದ ಥಿಂಬಲ್ಲಿಗೆ ತೂರಿಸಿ, ಒತ್ತಿ, ಎರಡೂ ಕೈಯಿಂದ ಜಗ್ಗಿ ನೋಡಿ, ಮೇಲೊಂದು ಸ್ಲೀವ್ ಏರಿಸಿ ಲೈಟರಿನ ಉರಿ ತೋರಿಸಿದರು. ಸ್ಲೀವು ಮುದುಡಿ ತಂತಿಯನ್ನು ಅಪ್ಪಿಕೊಂಡಿತು.

ರಿಲೇ ಎಂಬ ಬೆಂಕಿಪೊಟ್ಟಣದ ಗಾತ್ರದ ಡಬ್ಬಿಯ ತಳದಲ್ಲಿ ನಾಲ್ಕು ಕಾಲು, ಒಂದೊಂದಕ್ಕೂ ಅಂಕಿ. 30ಕ್ಕೆ ಬ್ಯಾಟರಿಯ ಕೆಂಪು, 87ರಿಂದ ಪಂಪಿಗೆ, 86ಕ್ಕೆ ಚಾವಿಯಿಂದ ಬಂದ ಸಣ್ಣ ತಂತಿ. ಹಳೆಯ ಚಾವಿ ಸ್ವಿಚ್ಚಿನ ಸವೆದ ಹಲ್ಲುಗಳ ಮೇಲೆ ಪಂಪಿನ ಭಾರ ಬೀಳದಂತೆ ಈ ಡಬ್ಬಿ ಹೊತ್ತುಕೊಳ್ಳುತ್ತದೆ. ಉಳಿದದ್ದು 85. ಅದನ್ನು ನೇರ ಅರ್ತಿಗೆ ಕೊಟ್ಟರೆ ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು. ಮೇಸ್ತ್ರಿ ಕೊಡಲಿಲ್ಲ. ಈ ಗಾಡಿ ನಿಂತ ಮೇಲೂ ಚಾವಿ ಆನ್ ಆಗಿಯೇ ಉಳಿಯಬಹುದು, ಅಥವಾ ಎಲ್ಲೋ ಪಲ್ಟಿಯಾಗಿ ಪೈಪು ಹರಿದಿರಬಹುದು; ಆಗಲೂ ಪಂಪು ಡೀಸೆಲ್ ದೂಡುತ್ತಲೇ ಇದ್ದರೆ ಗತಿಯೇನು? ಎಂಜಿನ್ನಿನ ಆಯಿಲ್ ಲೈನಿಗೆ ಒಂದು ಪ್ರೆಷರ್ ಸ್ವಿಚ್ಚು ಸೇರಿಸಿ 85ನ್ನು ಅದರ ಮೂಲಕ ಅರ್ತಿಗೆ ಇಳಿಸಿದರು. ಎಂಜಿನ್ನು ತಿರುಗಿ ಆಯಿಲ್ ಒತ್ತಡ ಇದ್ದರಷ್ಟೇ ಪಂಪು. ಎಂಜಿನ್ನು ನಿಂತರೆ ಪಂಪೂ ನಿಲ್ಲುತ್ತದೆ. ಬೆಳಗ್ಗೆ ಎಬ್ಬಿಸುವ ಮೊದಲು ಡೀಸೆಲ್ ಮೇಲೇರಿಸಲು ಡ್ಯಾಶ್‌ಬೋರ್ಡಿನಲ್ಲಿ ಒತ್ತುವ ಬಟನ್ ಬೇರೆ ಇಟ್ಟರು. ಆ ಒಂದು ಪ್ರೆಷರ್ ಸ್ವಿಚ್ಚಿಗಾಗಿ ಅವರು ಒಂದೂವರೆ ತಾಸು ಹೆಚ್ಚಿಗೆ ಬೆವರಿದ್ದನ್ನು ನಾನು ಕಣ್ಣಾರೆ ಕಂಡೆ. ಇಂಥದ್ದನ್ನು ಬಿಲ್ಲಿನಲ್ಲಿ ಯಾರೂ ಗುರುತಿಸುವುದಿಲ್ಲ.

ಚಹಾ ಬಂತು, ಶುಂಠಿ ಹಾಕಿದ್ದು. ಲೋಟ ಬಾನೆಟ್ಟಿನ ಅಂಚಿನ ಮೇಲಿಟ್ಟು ಬಟನ್ ಒತ್ತಿದರು. ಪಂಪು ‘ಗುಂಯ್’ ಎಂದಿತು, ಆದರೆ ಸೋತ ದನಿ. ಮೀಟರಿನ ಒಂದು ಮುಳ್ಳು ಪಂಪಿನ ಕೆಂಪಿಗೆ, ಒಂದು ಕಪ್ಪಿಗೆ: ಇಪ್ಪತ್ತೊಂದು ಚಿಲ್ಲರೆ. ಬ್ಯಾಟರಿಯ ಮೇಲೆ ಇಟ್ಟರೆ ಇಪ್ಪತ್ತೈದು. ಹತ್ತಿರ ಹತ್ತಿರ ನಾಲ್ಕು ವೋಲ್ಟು ಎಲ್ಲೋ ಸೋರುತ್ತಿದೆ. ಏಳು ಮೀಟರಿನ ಹೊಸ ತಂತಿ ಅರ್ಧ ವೋಲ್ಟನ್ನೂ ತಿನ್ನದು. ಮೇಸ್ತ್ರಿ ಪಂಪಿನ ಕಪ್ಪು ತಂತಿಯನ್ನು ಚಾಸಿಗೆ ಕಟ್ಟಿದ್ದ ಬೋಲ್ಟಿನತ್ತ ನೋಡಿ ಹುಡುಗನ ಕಡೆ ತಿರುಗಿದರು.

“ಕೆರದಿದ್ದೇನು?”

“ಕೆರದೀನ್ ವಸ್ತಾದ್, ಸ್ವಲ್ಪ.”

ಬೋಲ್ಟು ಬಿಚ್ಚಿದರು. ಪಾಲಿಶ್ ಪೇಪರ್ ಮಡಿಸಿ ತಾವೇ ಉಜ್ಜತೊಡಗಿದರು. ಮೊದಲು ಉದುರಿದ್ದು ಹಸಿರು ಬಣ್ಣ, ಅದರಡಿ ಇನ್ನೊಂದು ಕಾಲದ ನೀಲಿ, ಅದರಡಿ ಕೆಂಪು ಆಕ್ಸೈಡ್, ಆಮೇಲೆ ತುಕ್ಕಿನ ಪುಡಿ. ಕೊನೆಗೆ ನಾಣ್ಯದಗಲ ಜಾಗದಲ್ಲಿ ಕಬ್ಬಿಣ ಬೆಳ್ಳಿಯಂತೆ ಬಿಳುಪಾಗಿ ಕಣ್ಣು ಬಿಟ್ಟಿತು. ಥಿಂಬಲ್ಲು ಕೂರಿಸಿ, ಬಿಗಿದು, ಮೇಲೆ ಗ್ರೀಸು ಸವರಿದರು. ಮೀಟರು ಇಪ್ಪತ್ನಾಲ್ಕು ದಾಟಿ ನಿಂತಿತು. ಪಂಪಿನ ದನಿಯೂ ತೆಳ್ಳಗೆ, ಗಟ್ಟಿಯಾಗಿ ಏರಿತು. ಹುಡುಗ ಆ ಬಿಳಿ ಜಾಗವನ್ನೇ ನೋಡುತ್ತ ನಿಂತ. ಮೇಸ್ತ್ರಿ ಬೈಯಲಿಲ್ಲ, ಉಳಿದ ಪಾಲಿಶ್ ಪೇಪರನ್ನು ಅವನ ಜೇಬಿಗೆ ತುರುಕಿದರು.

ಆಮೇಲೆ ಏರ್ ತೆಗೆಯುವ ಕೆಲಸ. ಎಂಜಿನ್ನಿನ ಬದಿಯ ಡೀಸೆಲ್ ಫಿಲ್ಟರಿನ ತಲೆಯ ಸ್ಕ್ರೂ ಸಡಿಲಿಸಿ ಬಟನ್ ಒತ್ತಿದರೆ ಮೊದಲು ನೊರೆನೊರೆಯಾಗಿ, ಸೋಡಾ ಉಕ್ಕಿದಂತೆ ಡೀಸೆಲ್ಲು. ಗುಳ್ಳೆಗಳು ದೊಡ್ಡವು, ಸಣ್ಣವು, ಕೊನೆಗೆ ಇಲ್ಲವಾದವು. ಹೊಂಬಣ್ಣದ ಗಟ್ಟಿ ಧಾರೆ ಇಳಿಯತೊಡಗಿದಾಗ ಸ್ಕ್ರೂ ಬಿಗಿದರು. ನಾಝಲ್ಲಿನ ನಟ್ಟುಗಳನ್ನೂ ಒಂದೊಂದೇ ಸಡಿಲಿಸಿ ಬಿಗಿದರು. ಗಾಳಿಯ ಒಂದೇ ಗುಳ್ಳೆ ಒಳಗಿದ್ದರೂ ಅದು ಸ್ಪ್ರಿಂಗಿನಂತೆ ಕುಗ್ಗಿ, ಪಂಪಿನ ಒತ್ತಡವನ್ನೆಲ್ಲ ನುಂಗಿ, ನಾಝಲ್ ತೆರೆಯಲು ಬಿಡುವುದಿಲ್ಲ.

“ಹೊಡಿರಿ ಕಾಕಾ ಸೆಲ್ಫ್.”

ಎರಡನೇ ಸುತ್ತಿಗೇ ಎಂಜಿನ್ನು ಎದ್ದಿತು. ಬಿಳಿ ಹೊಗೆ ಒಂದು ಮಗ್ಗುಲಿಗೆ ಉರುಳಿ ಜೋಳದ ಹೊಲದ ಮೇಲೆ ಕರಗಿತು. ಬಾನೆಟ್ಟಿನ ಮೇಲಿದ್ದ ಚಹಾ ಲೋಟ ಗಿಣಿಗಿಣಿ ಅಲುಗಿತು. ಡ್ರೈವರ್ ಕ್ಯಾಬಿನ್ನಿನಿಂದ ಇಳಿಯದೆ ಕೂತೇ ಇದ್ದರು, ಕಿವಿ ಎಂಜಿನ್ನಿಗೆ.

ಇಷ್ಟಕ್ಕೆ ಎಲ್ಲ ಮುಗಿಯಿತೆಂದು ನಾವು ಎದ್ದೆವು. ಮೇಸ್ತ್ರಿ ಏಳಲಿಲ್ಲ. ಟಾರ್ಚು ಹಿಡಿದು ಟ್ಯಾಂಕಿನಿಂದ ಎಂಜಿನ್ನಿನವರೆಗೆ ಪೈಪಿನ ಜೊತೆಗೇ ತೆವಳುತ್ತ ಹೋಗಿ ಒಂದು ಕಡೆ ನಿಂತರು. “ಬರ್ರಿ ಕಾಕಾ, ಇಲ್ಲಿ ನೋಡ್ರಿ.” ಫೀಡ್ ಪಂಪಿಗೆ ಡೀಸೆಲ್ ಒಳಹೋಗುವ ಬೋಲ್ಟಿನ ಕತ್ತಿನಲ್ಲಿ ಸಾಸಿವೆಯಷ್ಟು ಒಂದು ಹನಿ ಮೂಡುತ್ತಿತ್ತು. ಒರೆಸಿದರೆ ಮತ್ತೆ ಮೂಡಿತು. ಇಷ್ಟು ದಿನ ಈ ಪೈಪಿನಲ್ಲಿ ಎಳೆತವಿತ್ತು, ಎಳೆತಕ್ಕೆ ಆ ಸಂದಿನಿಂದ ಹೊರಗಿನ ಗಾಳಿ ಒಳಗೆ ಹೋಗುತ್ತಿತ್ತು, ಹೊರಗೆಲ್ಲ ಒಣ ಒಣ. ಇವತ್ತು ಹಿಂದಿನಿಂದ ದೂಡುವ ಪಂಪು ಬಂದದ್ದೇ ಡೀಸೆಲ್ಲು ಆ ಸಂದಿನಲ್ಲಿ ಹೊರಗೆ ಇಣುಕಿತು. ಎರಡು ವರ್ಷದ ಟಪ್ ಟಪ್ಪಿಗೆ ಕಾರಣ ಸವೆದ ಒಂದು ತಾಮ್ರದ ವಾಷರು.

ಎಂಜಿನ್ನು ನಿಲ್ಲಿಸಿ ವಾಷರು ಬದಲಿಸಿದರು. ಹಳೆಯದನ್ನು ಡ್ರೈವರ್ ಜಡ್ಡುಗಟ್ಟಿದ ಅಂಗೈಯಲ್ಲಿಟ್ಟುಕೊಂಡು ಬಿಸಿಲಿಗೆ ಹಿಡಿದು ನೋಡಿದರು. ಅಂಚಿನಲ್ಲಿ ಕೂದಲಿನಷ್ಟು ಸಣ್ಣ ಗೆರೆ. ಹಾಗಾದರೆ ಪಂಪು ಬೇಕಿರಲಿಲ್ಲವೇ ಎಂದು ಕೇಳಲು ಬಾಯಿ ತೆರೆದವರು, ಟಾರ್ಚು ಒರೆಸುತ್ತಿದ್ದ ಮೇಸ್ತ್ರಿಯ ಕಡೆ ನೋಡಿ ಸುಮ್ಮನಾದರು. ಹುಡುಗ ಹೊಸ ವಾಷರಿನ ಸುತ್ತ ಬಟ್ಟೆಯಿಂದ ಒರೆಸಿ, ಮತ್ತೆ ಎಂಜಿನ್ನು ಎಬ್ಬಿಸಲು ಕೈಸನ್ನೆ ಮಾಡಿ, ಆ ಬೋಲ್ಟಿಗೆ ಮುಖ ಹತ್ತಿರ ತಂದು ಕುಕ್ಕರಗಾಲಲ್ಲಿ ಕೂತ, ಹನಿ ಮೂಡುವುದೋ ಇಲ್ಲವೋ ಎಂದು.