ಕಿರಣ: ಹಾರಾಟ ಕಲಿಸಿದ ಜೆಟ್ ವಿಮಾನ

ಕೊಳ್ಳೇಗಾಲದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಬಸ್ಸಿನಲ್ಲಿ ಮುಂದಿನ ಆಸನದಲ್ಲಿ ಕುಳಿತವರು ಒಂದು ಸಂಗತಿಯನ್ನು ಗಮನಿಸಿರಬಹುದು. ತಿರುವಿನ ಏರಿನಲ್ಲಿ ಬಸ್ಸು ನಿಧಾನವಾದೊಡನೆ ಚಾಲಕನು ಗೇರು ಬದಲಿಸಿ ಆಕ್ಸಿಲರೇಟರನ್ನು ಒತ್ತುತ್ತಾನೆ. ಎಂಜಿನ್ನು ಕೂಡಲೇ ಮೊರೆಯುತ್ತದೆ, ಬಸ್ಸು ಮುನ್ನುಗ್ಗುತ್ತದೆ. ಕೇಳಿದ ತಕ್ಷಣ ಬಲವನ್ನು ಒದಗಿಸುವುದು ಎಂಜಿನ್ನಿನ ಸಹಜ ಗುಣವೆಂದು ನಾವು ಭಾವಿಸುತ್ತೇವೆ. ಹಳೆಯ ಜೆಟ್ ಎಂಜಿನ್ನುಗಳಿಗೆ ಈ ಗುಣವಿರಲಿಲ್ಲ. ಇದನ್ನರಿಯದೆ ನೆಲಕ್ಕಿಳಿಯುವ ವೈಮಾನಿಕನು ಪ್ರಾಣಕ್ಕೇ ಎರವಾಗಬಹುದು. ಇಂಥ ಪಾಠಗಳನ್ನು ಅಪಾಯವಿಲ್ಲದೆ ಕಲಿಸುವುದಕ್ಕಾಗಿಯೇ ಜೆಟ್ ಶಿಕ್ಷಣ ವಿಮಾನಗಳು ಹುಟ್ಟಿದವು.

ನಮ್ಮ ದೇಶದ ಅಂಥ ವಿಮಾನವೇ 'ಕಿರಣ'. ಬೆಂಗಳೂರಿನ ಹಿಂದುಸ್ತಾನ್ ವಿಮಾನ ಕಾರ್ಖಾನೆಯಲ್ಲಿ ಡಾ. ವಿ. ಎಂ. ಘಾಟಗೆಯವರ ಮುಂದಾಳುತನದಲ್ಲಿ ಇದರ ವಿನ್ಯಾಸ ಆರಂಭವಾಯಿತು. 1951ರಲ್ಲಿ ಹಾರಿದ, ಪಂಖವುಳ್ಳ ಎಚ್‌ಟಿ-2 ಶಿಕ್ಷಣ ವಿಮಾನವೂ ಅವರದೇ ಕೊಡುಗೆ. ಕಿರಣ ಮೊದಲು ಹಾರಿದ್ದು 1964ರ ಸೆಪ್ಟೆಂಬರ್ 4ರಂದು.

ಈ ವಿಮಾನವನ್ನು ಮುಂದಕ್ಕೆ ನೂಕುವ ಬಲ ಯಾವುದು? ನ್ಯೂಟನ್ನನ ಮೂರನೆಯ ನಿಯಮವೇ ಇದಕ್ಕೆ ಉತ್ತರ. ಊದಿದ ಬಲೂನಿನ ಬಾಯಿ ಬಿಟ್ಟರೆ ಗಾಳಿ ಹಿಂದಕ್ಕೂ ಬಲೂನು ಮುಂದಕ್ಕೂ ಹೋಗುವುದಷ್ಟೆ. ಕಿರಣದ ಮೊದಲ ಮಾದರಿಯಲ್ಲಿದ್ದ ವೈಪರ್ ಎಂಜಿನ್ನು ಪೂರ್ಣವೇಗದಲ್ಲಿ ಸೆಕೆಂಡಿಗೆ ಸುಮಾರು 20 ಕಿಲೋಗ್ರಾಂ ಗಾಳಿಯನ್ನು ಒಳಗೆಳೆದುಕೊಳ್ಳುತ್ತಿತ್ತು. ಆ ಗಾಳಿಯನ್ನು ಒತ್ತಿ, ಇಂಧನ ಉರಿಸಿ, ಸೆಕೆಂಡಿಗೆ ಸುಮಾರು 550 ಮೀಟರ್ ವೇಗದಲ್ಲಿ ಹೊರದೂಡಿದರೆ, 20ನ್ನು 550ರಿಂದ ಗುಣಿಸಿದಾಗ ಬರುವ 11,000 ನ್ಯೂಟನ್ ನೂಕುಬಲ ದೊರೆಯುತ್ತದೆ. ಇದು ತುಂಬಿದ ವಿಮಾನದ ತೂಕದ ಸುಮಾರು ಮೂರನೆಯ ಒಂದು ಪಾಲು ಮಾತ್ರ.

ಈಗ ತಡವಾಗುವುದೇಕೆಂದು ನೋಡೋಣ. ಗಾಳಿಯನ್ನು ಒತ್ತುವ ಸಂಪೀಡಕವನ್ನು ಅದೇ ದಂಡಕ್ಕೆ ಜೋಡಿಸಿದ ಟರ್ಬೈನು ತಿರುಗಿಸುತ್ತದೆ. ಹೆಚ್ಚು ಬಲ ಬೇಕಾದರೆ ಭಾರವಾದ ಈ ತಿರುಗುಭಾಗವೆಲ್ಲ ಇನ್ನೂ ವೇಗವಾಗಿ ತಿರುಗಬೇಕು. ಅದರ ಜಡತ್ವವೇ ಅಡ್ಡಿ. ಅವಸರಪಟ್ಟು ಒಮ್ಮೆಗೇ ಇಂಧನ ಸುರಿದರೆ ಶಾಖ ಮಿತಿಮೀರಬಹುದು, ಗಾಳಿಯ ಹರಿವು ಕದಡಬಹುದು, ಉರಿಯೇ ಆರಿಹೋಗಬಹುದು. ಹೀಗಾಗಿ ಮಂದಗತಿಯಿಂದ ಪೂರ್ಣಬಲಕ್ಕೆ ಏರಲು ಹಲವು ಸೆಕೆಂಡುಗಳೇ ಬೇಕಾಗುತ್ತಿದ್ದವು. ಪಂಖದ ವಿಮಾನದಲ್ಲಾದರೋ ಪಂಖದ ಗಾಳಿ ರೆಕ್ಕೆಯ ಮೇಲೆ ಬೀಸಿ ಕೂಡಲೇ ಆಸರೆಯಾಗುತ್ತದೆ. ಜೆಟ್ಟಿನಲ್ಲಿ ಆ ಸಹಾಯವೂ ಇಲ್ಲ. ನೆಲ ಸಮೀಪಿಸುವಾಗ ವಿಮಾನ ಕುಸಿಯುತ್ತಿದೆಯೆಂದು ತಿಳಿದ ಮೇಲೆ ಹಿಡಿಯನ್ನು ತಳ್ಳಿದರೆ, ಬಲ ಬರುವ ಮೊದಲೇ ನೆಲ ಬಂದಿರುತ್ತದೆ! ಆದ್ದರಿಂದ ಇಳಿಯುವಾಗಲೂ ಎಂಜಿನ್ನಿನ ಸುತ್ತುವೇಗವನ್ನು ಸಾಕಷ್ಟು ಉಳಿಸಿಕೊಂಡು, ಮುಂದೆ ಬೇಕಾಗುವುದನ್ನು ಈಗಲೇ ಕೇಳಬೇಕು.

ಯುದ್ಧವಿಮಾನಗಳಲ್ಲಿ ಸಾಮಾನ್ಯವಾಗಿ ಒಬ್ಬನೇ ಕೂರುತ್ತಾನೆ. ಕಿರಣದಲ್ಲಿ ಗುರುಶಿಷ್ಯರು ಅಕ್ಕಪಕ್ಕದಲ್ಲಿ ಕೂರುತ್ತಿದ್ದುದು ಈ ಪಾಠದ ಸಲುವಾಗಿಯೇ. ಶಿಷ್ಯನ ಕೈ ಎಲ್ಲಿ ತಡವರಿಸುತ್ತದೆ, ಕಣ್ಣು ಯಾವ ಮಾಪಕವನ್ನು ಮರೆಯುತ್ತದೆ ಎಂಬುದು ಗುರುವಿಗೆ ಕಾಣುತ್ತಿತ್ತು. ಇಬ್ಬರಿಗೂ ಜೋಡಿ ನಿಯಂತ್ರಣಗಳಿದ್ದವು. ಕೈಮೀರಿದರೆ ಹೊರಚಿಮ್ಮುವ ಆಸನಗಳೂ ಇದ್ದವು.

1976ರಲ್ಲಿ ಹಾರಿದ ಎರಡನೆಯ ಮಾದರಿಗೆ ಹೆಚ್ಚು ಬಲವುಳ್ಳ ಆರ್ಫಿಯಸ್ ಎಂಜಿನ್ನನ್ನು ಅಳವಡಿಸಿದರು. 1996ರಲ್ಲಿ ಬೀದರಿನಲ್ಲಿ ರೂಪುಗೊಂಡ ವಾಯುಪಡೆಯ 'ಸೂರ್ಯಕಿರಣ' ತಂಡ ಈ ಮಾದರಿಯಲ್ಲೇ 2011ರವರೆಗೆ ಕಸರತ್ತು ತೋರಿತು. ಒಂಬತ್ತು ವಿಮಾನಗಳು ಒತ್ತೊತ್ತಾಗಿ ಹಾರುವಾಗ ಪ್ರತಿಯೊಬ್ಬ ವೈಮಾನಿಕನೂ ಅದೇ ಮುಂದಾಲೋಚನೆಯ ಪಾಠವನ್ನು ಕ್ಷಣಕ್ಷಣವೂ ಒಪ್ಪಿಸುತ್ತಿದ್ದನು.

ಹಳೆಯ ವಿಮಾನಗಳ ಅಭಿಮಾನಿಗಳು ಎಲ್ಲೆಡೆಯೂ ಇದ್ದಾರೆ. ಬ್ರಿಟನ್ನಿನಲ್ಲಿ ಕಿರಣವನ್ನು ಹೋಲುವ ಜೆಟ್ ಪ್ರೊವೋಸ್ಟ್ ವಿಮಾನಗಳನ್ನು ಸೇವೆಯಿಂದ ಬಿಟ್ಟ ಮೇಲೆ ಖಾಸಗಿಯವರು ಕೊಂಡು, ದುರಸ್ತಿ ಮಾಡಿ ಹಾರಿಸಿದ್ದಾರೆ. ವೇಗದಲ್ಲಾಗಲಿ ಅಸ್ತ್ರಬಲದಲ್ಲಾಗಲಿ ಅಗ್ಗಳಿಕೆಯಿಲ್ಲದ ಯಂತ್ರದ ಮೇಲೆ ಇಷ್ಟು ಮಮತೆಯೇಕೆ? ಯುದ್ಧವಿಮಾನದ ಹೆಸರು ಕದನಗಳ ಕಥೆಯಲ್ಲಿ ಉಳಿಯುತ್ತದೆ. ಶಿಕ್ಷಣ ವಿಮಾನ ಉಳಿಯುವುದು ಅದರಲ್ಲಿ ಕಲಿತವರ ಕೈಗಳಲ್ಲಿ.

ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಕಿರಣವನ್ನು ಕಾಣುವ ಅವಕಾಶ ಒದಗಿದರೆ, ವಿದ್ಯಾರ್ಥಿ ಮಿತ್ರರು ಅದರ ಮೂತಿಯನ್ನಷ್ಟೇ ನೋಡಿ ಮುಂದೆ ಸಾಗದಿರಲಿ. ಅಕ್ಕಪಕ್ಕದ ಆ ಎರಡು ಆಸನಗಳತ್ತ ಒಮ್ಮೆ ಕಣ್ಣು ಹಾಯಿಸಲಿ. ಜಡತ್ವವೆಂಬುದು ಪುಸ್ತಕದ ವ್ಯಾಖ್ಯೆಯಷ್ಟೇ ಅಲ್ಲವೆಂದು ಎಷ್ಟೋ ತರುಣರು ಕಲಿತದ್ದು ಅಲ್ಲಿಯೇ.