ಜಾತ್ರೆಯ ತೊಟ್ಟಿಲು ಕಳಚುವುದೇಕೆ?

ಇಂಡಿಯ ಶಾಂತೇಶ್ವರ ಜಾತ್ರೆ, ಮುದ್ದೇಬಿಹಾಳದ ಗ್ರಾಮದೇವತೆ ಜಾತ್ರೆ, ಶ್ರಾವಣದಲ್ಲಿ ಬಸವನ ಬಾಗೇವಾಡಿಯ ಬಸವೇಶ್ವರ ಜಾತ್ರೆ, ಸಿಂದಗಿ ಸುತ್ತಲಿನ ಹಳ್ಳಿಗಳ ಜಾತ್ರೆಗಳು – ಇವುಗಳಲ್ಲಿ ಯಾವುದಕ್ಕೆ ಹೋದರೂ ತೇರಿನ ಬೀದಿ ದಾಟಿ ಬಯಲಿಗೆ ಬಂದಾಗ ಮೊದಲು ಕಣ್ಣಿಗೆ ಬೀಳುವುದು ಎತ್ತರದ ತಿರುಗುವ ತೊಟ್ಟಿಲು. ಅದರ ಪಕ್ಕದಲ್ಲಿ ದೋಣಿಯಾಕಾರದ ಕೊಲಂಬಸ್, ಟೊರಾ ಟೊರಾ, ಬ್ರೇಕ್ ಡ್ಯಾನ್ಸ್. ಬಿಡದಿಯಂಥ ಕಡೆಯ ದೊಡ್ಡ ಮನರಂಜನಾ ಉದ್ಯಾನಗಳು ನಮ್ಮಿಂದ 500 ಕಿ.ಮೀ.ಗೂ ಹೆಚ್ಚು ದೂರ. ಶಾಲಾ ಪ್ರವಾಸದಲ್ಲಿ ಒಮ್ಮೆ ನೋಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮ ಮಕ್ಕಳ ಪಾಲಿಗೆ ಮನರಂಜನಾ ಉದ್ಯಾನವೆಂದರೆ ಹತ್ತು ದಿನ ನಿಂತು ಲಾರಿ ಏರಿ ಮುಂದಿನ ಊರಿಗೆ ಹೋಗುವ ಈ ಯಂತ್ರಗಳೇ.

2024ರಲ್ಲಿ ವಿಜಯಪುರ ನಗರದ ಪ್ರದರ್ಶನವೊಂದರಲ್ಲಿ ಇಂಥ ಯಂತ್ರದಿಂದ ಬಿದ್ದು ಯುವತಿಯೊಬ್ಬರು ತೀರಿಕೊಂಡರು. ಆ ಸುದ್ದಿ ಬಂದ ಬಳಿಕ ಹಲವು ಶಿಕ್ಷಕರು ಕೇಳಿದ ಪ್ರಶ್ನೆ ಒಂದೇ: “ಇವುಗಳಲ್ಲಿ ಕೂಡುವುದು ಎಷ್ಟು ಸುರಕ್ಷಿತ?” ಉತ್ತರ ಹುಡುಕಲು ಮೊದಲು ಯಂತ್ರ ನಮ್ಮ ಮೈಮೇಲೆ ಎಷ್ಟು ಬಲ ಹಾಕುತ್ತದೆ ಎಂಬುದನ್ನು ತಿಳಿಯಬೇಕು. ಆ ಬಲವನ್ನು ಯಂತ್ರದ ಯಾವ ಭಾಗ ಹೊರುತ್ತದೆ ಎಂಬುದನ್ನು ಆಮೇಲೆ ನೋಡಬೇಕು. ಅಪಾಯವಿರುವುದು ಹೆಚ್ಚಾಗಿ ಎರಡನೆಯದರಲ್ಲಿ.

ಹೆದರಿಕೆಯ ಲೆಕ್ಕ

ತೊಟ್ಟಿಲಿನ ತ್ರಿಜ್ಯ 8 ಮೀಟರ್, ಒಂದು ಸುತ್ತಿಗೆ 10 ಸೆಕೆಂಡು ಎಂದಿಟ್ಟುಕೊಳ್ಳೋಣ. ವೃತ್ತದಲ್ಲಿ ಚಲಿಸುವ ವಸ್ತುವಿನ ವೇಗೋತ್ಕರ್ಷ ಕೇಂದ್ರದ ಕಡೆಗಿರುತ್ತದೆ. ನಮ್ಮ ಉದಾಹರಣೆಯಲ್ಲಿ ಅದು ಸೆಕೆಂಡಿನ ವರ್ಗಕ್ಕೆ ಸುಮಾರು 3.2 ಮೀಟರ್, ಅಂದರೆ ಗುರುತ್ವದ ಮೂರನೆಯ ಒಂದು ಭಾಗ. 40 ಕಿ.ಗ್ರಾಂ. ತೂಕದ ವಿದ್ಯಾರ್ಥಿನಿಗೆ ತೊಟ್ಟಿಲಿನ ತುದಿಯಲ್ಲಿ ತಾನು 27 ಕಿ.ಗ್ರಾಂ. ಇದ್ದಂತೆ, ತಳದಲ್ಲಿ 53 ಕಿ.ಗ್ರಾಂ. ಇದ್ದಂತೆ ಅನಿಸುತ್ತದೆ. ಹೊಟ್ಟೆಯಲ್ಲಿ ಆಗುವ ಆ ಕಚಗುಳಿಗೆ ಈ ಏರಿಳಿತವೇ ಕಾರಣ. ದೇಹಕ್ಕೆ ಇದರಿಂದ ಯಾವ ಹಾನಿಯೂ ಇಲ್ಲ.

ಈಗ ಚಾಲಕ ಉತ್ಸಾಹದಿಂದ ವೇಗ ಹೆಚ್ಚಿಸಿದ ಎನ್ನೋಣ. ವೇಗ ಎರಡು ಪಟ್ಟಾದರೆ ಬೇಕಾಗುವ ಕೇಂದ್ರಾಭಿಮುಖ ಬಲ ನಾಲ್ಕು ಪಟ್ಟಾಗುತ್ತದೆ. ಇದೇ ತೊಟ್ಟಿಲು 5.7 ಸೆಕೆಂಡಿಗೆ ಒಂದು ಸುತ್ತು ಬಂದರೆ ತುದಿಯಲ್ಲಿ ಕುಳಿತವರಿಗೆ ತೂಕವೇ ಇಲ್ಲದಂತಾಗುತ್ತದೆ. ಅದಕ್ಕಿಂತಲೂ ವೇಗವಾದರೆ ಅವರನ್ನು ಆಸನದಲ್ಲಿ ಹಿಡಿದಿಡುವುದು ಮುಂದಿನ ಸರಳು ಮಾತ್ರ! ಹತ್ತು ಸೆಕೆಂಡಿಗೂ ಆರು ಸೆಕೆಂಡಿಗೂ ನೋಡುವವರ ಕಣ್ಣಿಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

ದೊಡ್ಡ ಉದ್ಯಾನಗಳ ರೋಲರ್ ಕೋಸ್ಟರುಗಳಲ್ಲಿ ಇಂಥ ಲೆಕ್ಕಗಳು ಬಹಳ ಹಿಂದೆಯೇ ಪಕ್ವವಾಗಿವೆ. 1895ರಲ್ಲಿ ಅಮೆರಿಕದ ಕೋನಿ ದ್ವೀಪದಲ್ಲಿ ಕಟ್ಟಿದ ‘ಫ್ಲಿಪ್ ಫ್ಲಾಪ್’ ರೈಲಿನ ಸುರುಳಿ ಪೂರ್ಣ ವೃತ್ತಾಕಾರದ್ದಾಗಿತ್ತು. ವೃತ್ತದ ತುದಿಯಲ್ಲಿ ಬೀಳದೆ ಸಾಗುವಷ್ಟು ವೇಗ ಬೇಕೆಂದರೆ, ಘರ್ಷಣೆಯನ್ನು ಬಿಟ್ಟರೂ, ತಳದಲ್ಲಿ ದೇಹದ ತೂಕ ಆರು ಪಟ್ಟಾಗುತ್ತದೆ. ಕುಳಿತವರ ಕತ್ತು ಉಳುಕುತ್ತಿತ್ತು. 1976ರಲ್ಲಿ ಕ್ಯಾಲಿಫೋರ್ನಿಯದ ಮ್ಯಾಜಿಕ್ ಮೌಂಟನ್ ಉದ್ಯಾನದಲ್ಲಿ ಬಂದ ಸುರುಳಿ ಕಣ್ಣೀರ ಹನಿಯ ಆಕಾರದ್ದು. ತಳದಲ್ಲಿ ತ್ರಿಜ್ಯ ದೊಡ್ಡದು, ತುದಿಯಲ್ಲಿ ಚಿಕ್ಕದು. ಅಲ್ಲಿಗೆ ಆ ಸಮಸ್ಯೆ ಮುಗಿಯಿತು.

ಲೋಹಕ್ಕೂ ದಣಿವು

ಕೊಲಂಬಸ್ ದೋಣಿಯನ್ನು ನೋಡೋಣ. ಇದು ದೊಡ್ಡದೊಂದು ಲೋಲಕ. 60 ಡಿಗ್ರಿಯಷ್ಟು ಮೇಲೇರಿ ಕೆಳಕ್ಕೆ ಬಂದಾಗ, ತೋಳಿನ ಉದ್ದ ಎಷ್ಟೇ ಇರಲಿ, ತಳದಲ್ಲಿ ತೋಳಿನ ಮೇಲಿನ ಎಳೆತ ಒಟ್ಟು ತೂಕದ ಎರಡು ಪಟ್ಟು. ಮೇಲ್ತುದಿಯಲ್ಲಿ ಅದು ತೂಕದ ಅರ್ಧ ಮಾತ್ರ. (10ನೆಯ ತರಗತಿ ದಾಟಿದವರು ಶಕ್ತಿಯ ಸಂರಕ್ಷಣಾ ನಿಯಮದಿಂದ ಇದನ್ನು ತಾವೇ ಸಾಧಿಸಬಹುದು.) ದೋಣಿ ಮತ್ತು ಜನ ಸೇರಿ 2,500 ಕಿ.ಗ್ರಾಂ. ಇದ್ದರೆ, ಮೇಲಿನ ಅಚ್ಚು ಮತ್ತು ಬೋಲ್ಟುಗಳು ಒಮ್ಮೆ ಒಂದೂಕಾಲು ಟನ್, ಮರುಕ್ಷಣ ಐದು ಟನ್ ಹೊರುತ್ತವೆ.

ಐದು ಟನ್ ಹೊರುವುದು ಉಕ್ಕಿಗೆ ದೊಡ್ಡದಲ್ಲ. ಕಷ್ಟವಿರುವುದು ಏರಿಳಿತದಲ್ಲಿ. ಒಂದು ತಂತಿಯನ್ನು ಎಳೆದು ತುಂಡರಿಸಲು ಆಗುವುದಿಲ್ಲ. ಅದನ್ನೇ ಹಿಂದೆ ಮುಂದೆ ಇಪ್ಪತ್ತು ಸಲ ಬಗ್ಗಿಸಿ, ತಾನೇ ಮುರಿಯುತ್ತದೆ. ಇದು ಲೋಹದ ದಣಿವು. 1842ರಲ್ಲಿ ಫ್ರಾನ್ಸಿನ ವರ್ಸೇಲ್ಸ್ ಬಳಿ ರೈಲು ಎಂಜಿನ್ನಿನ ಅಚ್ಚು ಮುರಿದು ಹಲವಾರು ಜನ ಸತ್ತರು. ಆ ಬಳಿಕ ಈ ವಿಷಯ ವಿಜ್ಞಾನಿಗಳ ಗಮನ ಸೆಳೆಯಿತು. ಜರ್ಮನಿಯ ಆಗಸ್ಟ್ ವೋಲರ್ ವರ್ಷಗಟ್ಟಲೆ ರೈಲಿನ ಅಚ್ಚುಗಳನ್ನು ಪರೀಕ್ಷಿಸಿ, ಒಂದೇ ಸಲಕ್ಕೆ ಮುರಿಯುವ ಹೊರೆಗಿಂತ ಎಷ್ಟೋ ಕಡಿಮೆ ಹೊರೆಯೂ ಲಕ್ಷಾಂತರ ಸಲ ಬಂದರೆ ಉಕ್ಕನ್ನು ಸೀಳುತ್ತದೆ ಎಂದು ತೋರಿಸಿದರು.

ನಮ್ಮ ದೋಣಿ ಸುಮಾರು ಮೂರು ಸೆಕೆಂಡಿಗೊಮ್ಮೆ ತಳ ದಾಟುತ್ತದೆ. ಮೂರು ನಿಮಿಷದ ಆಟಕ್ಕೆ 60 ಸಲ. ಒಂದು ಸಂಜೆಗೆ 40 ಆಟವಾದರೆ 2,400. ಹತ್ತು ದಿನದ ಜಾತ್ರೆಗೆ 24,000. ವರ್ಷಕ್ಕೆ ಹತ್ತು ಜಾತ್ರೆ ಮಾಡಿದರೆ 2.4 ಲಕ್ಷ, ಐದು ವರ್ಷಕ್ಕೆ 12 ಲಕ್ಷ! ದಣಿವು ತಲೆಯೆತ್ತುವ ಸಂಖ್ಯೆಗಳು ಇವೇ. ಬಿರುಕು ಹುಟ್ಟುವುದು ಬೆಸುಗೆಯ ಅಂಚಿನಲ್ಲಿ, ಬೋಲ್ಟಿನ ಮರೆಯ ಮೊದಲ ಸುತ್ತಿನಲ್ಲಿ, ಕೊರೆದ ತೂತಿನ ಬದಿಯಲ್ಲಿ. ಕೂದಲೆಳೆಯಷ್ಟು ತೆಳ್ಳಗಿನ ಆ ಬಿರುಕಿನ ಮೇಲೆ ಪ್ರತಿ ವರ್ಷ ಹೊಸ ಬಣ್ಣ ಬಳಿಯುತ್ತಾರೆ. ಬಣ್ಣ ಜಾತ್ರೆಗೆ ಚೆಂದ, ಪರೀಕ್ಷಕರಿಗೆ ಶತ್ರು.

ಒಳಗಿನ ತುಕ್ಕು ಇದಕ್ಕಿಂತ ಮೋಸಗಾರ. ಯಂತ್ರದ ತೋಳುಗಳು ಹೆಚ್ಚಾಗಿ ಟೊಳ್ಳು ಕೊಳವೆಗಳು. ಮಳೆ ನೀರು ಒಳಗೆ ಇಳಿದರೆ ಹೊರಗೆ ಹೋಗುವ ದಾರಿಯಿಲ್ಲ. 2017ರ ಜುಲೈ 26ರಂದು ಅಮೆರಿಕದ ಒಹಾಯೊ ರಾಜ್ಯದ ಮೇಳದಲ್ಲಿ ‘ಫೈರ್ ಬಾಲ್’ ಎಂಬ ಲೋಲಕ ಯಂತ್ರದ ಆಸನಗಳ ಸಾಲೊಂದು ಹಾರುತ್ತಿದ್ದಂತೆಯೇ ಕಳಚಿತು. 18 ವರ್ಷದ ಯುವಕ ಸತ್ತ, ಏಳು ಜನ ಗಾಯಗೊಂಡರು. ಆಸನ ಹೊತ್ತ ತೊಲೆಯ ಒಳಮೈ ವರ್ಷಾನುಗಟ್ಟಲೆ ತುಕ್ಕು ಹಿಡಿದು ತೆಳ್ಳಗಾಗಿತ್ತು ಎಂದು ತಯಾರಕರೇ ಬಳಿಕ ತಿಳಿಸಿದರು. ಯಂತ್ರ ಆ ಮೇಳದ ತಪಾಸಣೆಯಲ್ಲಿ ಪಾಸಾಗಿತ್ತು! ಹೊರಗಿನಿಂದ ನೋಡುವ ಕಣ್ಣಿಗೆ ಕೊಳವೆಯ ಗೋಡೆ ಎಷ್ಟು ದಪ್ಪ ಉಳಿದಿದೆ ಎಂಬುದು ಕಾಣುವುದಿಲ್ಲ. ಅದಕ್ಕೆ ಶ್ರವಣಾತೀತ ಧ್ವನಿಯಿಂದ ದಪ್ಪ ಅಳೆಯುವ ಉಪಕರಣ ಬೇಕು. ಅಂಗೈಯಲ್ಲಿ ಹಿಡಿಸುವಂಥ ಉಪಕರಣ ಅದು.

2019ರ ಜುಲೈ 14ರಂದು ಅಹಮದಾಬಾದಿನ ಕಾಂಕರಿಯಾ ಕೆರೆಯ ಉದ್ಯಾನದಲ್ಲಿಯೂ ಲೋಲಕ ಯಂತ್ರವೊಂದರ ಮುಖ್ಯ ತೋಳು ಮುರಿದು ಜನ ಸತ್ತರು, ಹಲವರ ಕಾಲು ಮುರಿದವು. 2022ರ ಸೆಪ್ಟೆಂಬರಿನಲ್ಲಿ ಮೊಹಾಲಿಯ ಮೇಳದಲ್ಲಿ ತಿರುಗುತ್ತ ನಿಧಾನವಾಗಿ ಇಳಿಯಬೇಕಿದ್ದ ಆಸನಗಳು ಸುಮಾರು 50 ಅಡಿ ಎತ್ತರದಿಂದ ಒಮ್ಮೆಲೆ ಬಿದ್ದವು. ಅಷ್ಟೆತ್ತರದಿಂದ ತಡೆಯಿಲ್ಲದೆ ಬಿದ್ದ ವಸ್ತು ನೆಲ ತಲುಪುವಾಗ ಅದರ ವೇಗ ಗಂಟೆಗೆ 60 ಕಿ.ಮೀ. ದಾಟಿರುತ್ತದೆ.

ಎರೆಭೂಮಿಯ ಮೇಲೆ ಎತ್ತರದ ಯಂತ್ರ

ಪಟ್ಟಣದ ಉದ್ಯಾನಗಳಲ್ಲಿ ಯಂತ್ರ ಕಾಂಕ್ರೀಟಿನಲ್ಲಿ ಬೇರೂರಿ ನಿಂತಿರುತ್ತದೆ. ನಮ್ಮ ಜಾತ್ರೆಗಳಲ್ಲಿ ಅದು ನಿಲ್ಲುವುದು ಹೊಲದ ಮೇಲೆ. ಡೋಣಿ ಕಣಿವೆಯ ಕಪ್ಪು ಎರೆಮಣ್ಣು ಬಿಳಿಜೋಳಕ್ಕೆ ಹೇಳಿ ಮಾಡಿಸಿದ್ದು, ಯಂತ್ರಕ್ಕಲ್ಲ. ಈ ಮಣ್ಣಿನಲ್ಲಿರುವ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಖನಿಜ ಪದರ ಪದರಗಳಾಗಿದ್ದು ನೀರನ್ನು ಪದರಗಳ ನಡುವೆ ಎಳೆದುಕೊಂಡು ಉಬ್ಬುತ್ತದೆ. ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯ ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಅಗಲದ ಬಿರುಕುಗಳನ್ನು ನಾವೆಲ್ಲ ನೋಡಿದ್ದೇವೆ. ಅದೇ ಹೊಲದಲ್ಲಿ ಮಳೆಗಾಲದಲ್ಲಿ ಚಕ್ಕಡಿ ಹೂತು ಎತ್ತು ಬಿಚ್ಚಿದ್ದನ್ನೂ ನೋಡಿದ್ದೇವೆ.

ಕಟ್ಟಡ ಕೈಪಿಡಿಗಳು ಒಣ ಎರೆಮಣ್ಣಿಗೆ ಚದರ ಮೀಟರಿಗೆ ಸುಮಾರು 15 ಟನ್ ಹೊರೆ ಒಪ್ಪುತ್ತವೆ. ತೀರಾ ಮೆತ್ತಗಿನ ಹಸಿ ಜೇಡಿಗೆ ಅವು ಕೊಡುವುದು 5 ಟನ್ ಮಾತ್ರ. ತೊಟ್ಟಿಲು ಮತ್ತು ಜನ ಸೇರಿ 12 ಟನ್, 20 ಸೆಂ.ಮೀ. ಚೌಕದ ಎಂಟು ಪಾದಗಳು ಎಂದುಕೊಳ್ಳಿ. ಚದರ ಮೀಟರಿಗೆ 37 ಟನ್ ದಾಟಿತು! ಒಣ ನೆಲವೂ ಇದನ್ನು ತಾಳದು. ಪ್ರತಿ ಪಾದದ ಕೆಳಗೆ ಮೀಟರ್ ಉದ್ದ, ಅರ್ಧ ಮೀಟರ್ ಅಗಲಕ್ಕೆ ಗಟ್ಟಿ ಮರದ ದಿಮ್ಮಿಗಳನ್ನು ಜೋಡಿಸಿದರೆ ಅದು 3 ಟನ್ನಿಗೆ ಇಳಿಯುತ್ತದೆ. ಒಂದು ಜಾತ್ರೆಯಲ್ಲಿ ದಿಮ್ಮಿಯ ಬದಲು ಎರಡು ಇಟ್ಟಿಗೆ ಮತ್ತು ಒಂದು ಹಲಗೆ ತುಂಡು ಇಟ್ಟಿದ್ದನ್ನು ನಾನೇ ನೋಡಿದ್ದೇನೆ. ಕೇಳಿದಾಗ, “ನೆಲ ಕಲ್ಲಿನಂಗ ಐತ್ರಿ ಸರ್” ಎಂಬ ಉತ್ತರ ಬಂತು. ಜನವರಿಯಲ್ಲಿ ಅದು ನಿಜವೇ. ಶ್ರಾವಣದಲ್ಲಿ, ಒಂದು ರಾತ್ರಿಯ ಮಳೆಯ ಬಳಿಕ, ಅಲ್ಲ.

ಆರು ಮೀಟರ್ ಅಂತರದ ಎರಡು ಕಾಲುಗಳಲ್ಲಿ ಒಂದು 5 ಸೆಂ.ಮೀ. ಕುಸಿಯಿತು ಎನ್ನೋಣ. 16 ಮೀಟರ್ ಎತ್ತರದ ತುದಿ ಸುಮಾರು 13 ಸೆಂ.ಮೀ. ವಾಲುತ್ತದೆ. ಆಗ ಭಾರ ಕುಸಿದ ಕಾಲಿನ ಕಡೆಗೇ ಹೆಚ್ಚು ಸರಿಯುತ್ತದೆ, ಅದು ಇನ್ನಷ್ಟು ಕುಸಿಯುತ್ತದೆ. ಅಚ್ಚು ಓರೆಯಾಗಿ ಬೇರಿಂಗ್ ಮೇಲೆ ಲೆಕ್ಕಕ್ಕೆ ಸಿಗದ ಹೊರೆ ಬೀಳುತ್ತದೆ.

ಸರಳು, ಜಡೆ, ಗುಂಡಿ

ಆಸನದ ಮುಂದಿನ ಸರಳಿನ ಬಗ್ಗೆ ಒಂದು ಮಾತು. ಇಬ್ಬರಿಗೆ ಒಂದೇ ಸರಳಿದ್ದರೆ ಅದು ದಪ್ಪನೆಯವರ ತೊಡೆಗೆ ತಾಗಿ ನಿಲ್ಲುತ್ತದೆ. ಪಕ್ಕದಲ್ಲಿರುವ ಮಗುವಿನ ಮುಂದೆ ಒಂದು ಗೇಣು ಜಾಗ ಖಾಲಿ ಉಳಿಯುತ್ತದೆ. ತಂದೆಯ ಪಕ್ಕದಲ್ಲಿ ಮಗು ಹೆಚ್ಚು ಸುರಕ್ಷಿತ ಎಂಬ ನಮ್ಮ ನಂಬಿಕೆ ಇಲ್ಲಿ ತಲೆಕೆಳಗು. ಎತ್ತರ ಇಷ್ಟಿರಬೇಕು ಎಂಬ ಫಲಕ ಇರುವುದು ಇದಕ್ಕಾಗಿಯೇ. 2023ರಲ್ಲಿ ಶ್ರೀರಂಗಪಟ್ಟಣದ ರಥಸಪ್ತಮಿ ಜಾತ್ರೆಯಲ್ಲಿ ತೊಟ್ಟಿಲಿಗೆ ಕೂದಲು ಸಿಕ್ಕಿ ವಿದ್ಯಾರ್ಥಿನಿಯೊಬ್ಬಳ ನೆತ್ತಿಯ ಚರ್ಮವೇ ಕಿತ್ತುಬಂದಿತ್ತು. ಜಡೆ, ದುಪಟ್ಟಾ, ಸೀರೆ ಸೆರಗು – ತಿರುಗುವ ಅಚ್ಚು ಇವನ್ನು ರಾಟೆಯ ಹಾಗೆ ಸುತ್ತಿಕೊಳ್ಳುತ್ತದೆ.

ಯಂತ್ರಕ್ಕೆ ಬುದ್ಧಿ ಕೊಟ್ಟರೂ ಮನುಷ್ಯ ಅದನ್ನು ಮೀರಬಲ್ಲ. ಇಂಗ್ಲೆಂಡಿನ ಆಲ್ಟನ್ ಟವರ್ಸ್ ಉದ್ಯಾನದ ‘ಸ್ಮೈಲರ್’ ಕೋಸ್ಟರಿನಲ್ಲಿ 2015ರ ಜೂನ್ 2ರಂದು ಖಾಲಿ ಬಂಡಿಯೊಂದು ಹಳಿಯ ಮೇಲೆ ನಿಂತುಬಿಟ್ಟಿತ್ತು. ಕಂಪ್ಯೂಟರ್ ಹಿಂದಿನ ಬಂಡಿಯನ್ನು ಸರಿಯಾಗಿಯೇ ತಡೆಯಿತು. ಕಂಪ್ಯೂಟರೇ ತಪ್ಪಿರಬೇಕೆಂದು ತಂತ್ರಜ್ಞರು ಗುಂಡಿ ಒತ್ತಿ ಅದನ್ನು ಬಿಟ್ಟರು. 16 ಜನ ಗಾಯಗೊಂಡರು, ಇಬ್ಬರು ಕಾಲು ಕಳೆದುಕೊಂಡರು. ನ್ಯಾಯಾಲಯ ಉದ್ಯಾನಕ್ಕೆ 50 ಲಕ್ಷ ಪೌಂಡ್ ದಂಡ ವಿಧಿಸಿತು.

ಜಾತ್ರೆಯಲ್ಲೊಂದು ಪ್ರಯೋಗ

ಮನರಂಜನಾ ಯಂತ್ರಗಳಿಗೆ ಐಎಸ್‌ಒ 17842 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ವಿನ್ಯಾಸ, ಬಳಕೆ, ತಪಾಸಣೆ ಮೂರನ್ನೂ ಅದು ಹೇಳುತ್ತದೆ. ಮಾನಕ ಪಾಲನೆಯಾಗಿದೆಯೇ ಎಂದು ನೋಡುವುದು ಅಧಿಕಾರಿಗಳ ಕೆಲಸ. ವಿದ್ಯಾರ್ಥಿಗಳೊಂದಿಗೆ ಜಾತ್ರೆಗೆ ಹೋದ ಶಿಕ್ಷಕರೂ ಟಿಕೆಟ್ ಕೊಳ್ಳುವ ಮುನ್ನ ಹತ್ತು ನಿಮಿಷ ನಿಂತು ಕೆಲವನ್ನು ನೋಡಬಹುದು. ಚೀಟಿ ಹರಿಯುವವನೇ ಯಂತ್ರವನ್ನೂ ನಡೆಸುತ್ತಿದ್ದಾನೆಯೇ? ಪ್ರತಿ ಆಸನದ ಸರಳನ್ನೂ ಯಾರಾದರೂ ಕೈಯಿಂದ ಎಳೆದು ನೋಡುತ್ತಾರೆಯೇ? ಅಚ್ಚಿನ ಕೀಲುಗಳಿಗೆ ಸರಿಯಾದ ಪಿನ್ನು ಇದೆಯೇ, ತಂತಿ ಸುತ್ತಿದ್ದಾರೆಯೇ? ತೊಟ್ಟಿಲಿಗೆ ಜನರನ್ನು ಎದುರು ಬದುರು ಸಮವಾಗಿ ಕೂಡಿಸುತ್ತಾರೆಯೇ, ಒಂದೇ ಬದಿಗೆ ತುಂಬುತ್ತಾರೆಯೇ? ಒಂದು ಬದಿ 300 ಕಿ.ಗ್ರಾಂ. ಹೆಚ್ಚಾದರೆ ಎಂಟು ಮೀಟರ್ ದೂರದಲ್ಲಿ ಅದು ಹಾಕುವ ತಿರುಚು ಬಲವನ್ನೆಲ್ಲ ಬ್ರೇಕು ಒಂದೇ ತಡೆಯಬೇಕು.

ಯಂತ್ರ ನಡುವೆ ನಿಂತರೆ ಇಳಿಯಲು ಹೋಗಬಾರದು, ಕುಳಿತ ಜಾಗವೇ ಕ್ಷೇಮ. ಯಾರಾದರೂ ಬಿದ್ದರೆ ಎತ್ತಿ ಕೂಡಿಸುವುದು, ನೀರು ಕುಡಿಸುವುದು ಬೇಡ. ಬೆನ್ನುಮೂಳೆ ಮುರಿದಿದ್ದರೆ ಎತ್ತುವಾಗ ಮಿದುಳುಬಳ್ಳಿಗೆ ಪೆಟ್ಟಾಗಬಹುದು. ತಲೆ, ಕತ್ತು ಅಲುಗದಂತೆ ಹಿಡಿದು 108ಕ್ಕೆ ಕರೆ ಮಾಡಿ.

ವಿದ್ಯಾರ್ಥಿಗಳಿಗೆ ಎರಡು ಕೆಲಸ ಕೊಡಿ. ಕೈಗಡಿಯಾರ ಹಿಡಿದು ತೊಟ್ಟಿಲಿನ ಹತ್ತು ಸುತ್ತಿಗೆ ಎಷ್ಟು ಸೆಕೆಂಡು ಎಂದು ಎಣಿಸಲಿ. ತ್ರಿಜ್ಯವನ್ನು ನೆರಳಿನ ಉದ್ದದಿಂದ ಅಂದಾಜಿಸಿ, ಮೇಲಿನ ಲೆಕ್ಕವನ್ನು ತಮ್ಮ ಜಾತ್ರೆಯ ತೊಟ್ಟಿಲಿಗೆ ಮಾಡಲಿ. ಎರಡನೆಯದು, ಒಂದು ದಾರಕ್ಕೆ ಕಲ್ಲು ಕಟ್ಟಿ ತೋಳು ಚಾಚಿ ಹಿಡಿದು, ಒಂದು ಕಣ್ಣು ಮುಚ್ಚಿ, ದೂರದಿಂದ ತೊಟ್ಟಿಲನ್ನು ಅದರ ಅಂಚಿನ ಕಡೆಯಿಂದ ನೋಡಲಿ. ಚಕ್ರ ದಾರಕ್ಕೆ ಸಮಾನಾಂತರವಾಗಿ ಇರಬೇಕು. ಜಾತ್ರೆಯ ಮೊದಲ ದಿನ ಒಮ್ಮೆ, ಮಳೆ ಬಂದ ಮರುದಿನ ಇನ್ನೊಮ್ಮೆ ನೋಡಿ ಬರೆದುಕೊಳ್ಳಲಿ. ಎರಡು ದಿನದ ಟಿಪ್ಪಣಿಯಲ್ಲಿ ವ್ಯತ್ಯಾಸ ಕಂಡರೆ ಮೊದಲು ಚಾಲಕನಿಗೆ, ಅವನು ಕೇಳದಿದ್ದರೆ ಜಾತ್ರಾ ಸಮಿತಿಗೆ ತೋರಿಸಿ.