ಕೊಯ್ದ ಹೂವಿನ ಬಾಳಿಕೆಯೂ ಮಣ್ಣಿನ ಸೂಕ್ಷ್ಮಪೋಷಕಗಳೂ

ಗಿಡದಿಂದ ಕೊಯ್ದ ಹೂವು ಬೇರಿನ ಆಸರೆ ತಪ್ಪಿದ ಮೇಲೆಯೂ ಕೆಲವು ದಿನ ಜೀವಿಸಿರುತ್ತದೆ. ಮಾರುಕಟ್ಟೆಯಲ್ಲಿ ಆ ಕೆಲವು ದಿನಗಳೇ ಅದರ ಬೆಲೆ. ಬೆಟ್ಟಂಪಾಡಿಯಂಥ ಊರಿನ ಅಡಿಕೆತೋಟದ ನೆರಳಿನಲ್ಲಿ ಆಂಥೂರಿಯಂ ಬೆಳೆಯಬಯಸುವವರಿಗೆ, ಹೂವು ಘಟ್ಟವನ್ನೇರಿ ಬೆಂಗಳೂರಿನ ಪೇಟೆಯನ್ನು ಸೇರುವವರೆಗೆ ಬಾಡದಿರುವುದೇ ಮುಖ್ಯ ಪ್ರಶ್ನೆ. ಈ ಬಾಳಿಕೆಯ ಒಂದಂಶವು ಕೊಯ್ಲಿಗೆ ಮೊದಲೇ ಮಣ್ಣಿನಲ್ಲಿ ನಿರ್ಣಯವಾಗುವುದೆಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಅರಿವು ಒಮ್ಮೆಲೇ ಮೂಡಿದುದಲ್ಲ. 1840ರ ದಶಕದಲ್ಲಿ ಫ್ರಾನ್ಸಿನ ಗ್ರಿಸ್ ಎಂಬಾತನು ಹಳದಿಗಟ್ಟಿದ ಎಲೆಗಳಿಗೆ ಕಬ್ಬಿಣದ ಲವಣವನ್ನು ಕೊಟ್ಟು, ಹಸುರು ಮರಳುವುದನ್ನು ಕಂಡನು. 1923ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೇಂದ್ರದ ಕ್ಯಾಥರೀನ್ ವಾರಿಂಗ್ಟನ್ ಅವರು ಸಸ್ಯಕ್ಕೆ ಬೋರಾನ್ ಅನಿವಾರ್ಯವೆಂದು ಸಿದ್ಧಪಡಿಸಿದರು. 1926ರಲ್ಲಿ ಸಾಮರ್ ಮತ್ತು ಲಿಪ್‌ಮನ್ ಅವರು ಸತುವಿನ ಅಗತ್ಯವನ್ನು ಸ್ಥಾಪಿಸಿದರು. 1966ರಲ್ಲಿ ಪಂತನಗರದ ನೇನೆ ಅವರು ಭತ್ತದ ಖೈರಾ ರೋಗಕ್ಕೆ ಸತುವಿನ ಕೊರತೆಯೇ ಕಾರಣವೆಂದು ತಿಳಿಸಿದರು.

ಈ ಧಾತುಗಳ ಪ್ರಮಾಣ ಅತ್ಯಲ್ಪ, ಕಾರ್ಯವಾದರೋ ಹಿರಿದು. ಬೋರಾನ್ ಜೀವಕೋಶದ ಗೋಡೆಯನ್ನು ಬಿಗಿಯುತ್ತದೆ. ಅದು ಕಡಮೆಯಾದರೆ ಕಾರ್ನೇಷನ್ ಹೂವಿನ ಪುಷ್ಪಪಾತ್ರೆ ಸೀಳುತ್ತದೆ. ಸತುವು ಬೆಳವಣಿಗೆಯ ಚೋದಕಗಳಿಗೂ, ತಾಮ್ರವು ದಂಟಿನ ಗಟ್ಟಿತನಕ್ಕೂ, ಕಬ್ಬಿಣವು ಎಲೆಯ ಹಸುರಿಗೂ ಬೇಕು. ಹಸುರೆಲೆ ಕೂಡಿಟ್ಟ ಸಕ್ಕರೆಯೇ ಕೊಯ್ದ ಹೂವಿನ ಬುತ್ತಿ.

ನಮ್ಮ ನೆಲದ ಸ್ಥಿತಿಯೇನು? ಫ್ರಾನ್ಸಿಸ್ ಬ್ಯೂಕನನ್ನನು 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಲ್ಯಾಟರೈಟ್ ಎಂದು ಹೆಸರಿಸಿದ ಮುರಕಲ್ಲೇ ಇಲ್ಲಿಯ ಮಣ್ಣಿನ ಮೂಲ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ ಬೋರಾನನ್ನು ತೊಳೆದೊಯ್ಯುತ್ತದೆ. ಹುಳಿಮಣ್ಣಿನಲ್ಲಿ ಕಬ್ಬಿಣಕ್ಕೆ ಸಾಮಾನ್ಯವಾಗಿ ಬರವಿಲ್ಲ. ಆದರೆ ಸುಣ್ಣವನ್ನೋ ರಂಜಕವನ್ನೋ ಮಿತಿಮೀರಿ ಹಾಕಿದರೆ ಸತುವು ಬೇರಿಗೆ ದಕ್ಕದು. ಆದುದರಿಂದ ಬಯಲುಸೀಮೆಯ ಸುಣ್ಣಮಣ್ಣಿಗೆ ಹೇಳಿದ ಕ್ರಮವನ್ನು ಇಲ್ಲಿ ಹಾಗೆಯೇ ಅನುಸರಿಸುವುದು ಯುಕ್ತವಲ್ಲ.

ಮಣ್ಣು ಪರೀಕ್ಷೆಯೇ ಮೊದಲ ಹೆಜ್ಜೆ. ವಿಶೇಷತಃ ಬೋರಾನಿನಲ್ಲಿ ಕೊರತೆಗೂ ವಿಷಕ್ಕೂ ನಡುವಣ ಅಂತರ ಬಹಳ ಕಿರಿದು. ತುಸು ಹೆಚ್ಚಾದರೂ ಎಲೆಯಂಚು ಸುಡುತ್ತದೆ. ಕೊರತೆಯಿಲ್ಲದ ಗಿಡಕ್ಕೆ ಇನ್ನಷ್ಟು ಉಣಿಸಿದರೆ ಹೂವಿನ ಆಯುಸ್ಸು ಬೆಳೆಯಲಾರದು. ಕೊಯ್ದ ಬಳಿಕ ನೀರಿನಲ್ಲಿ ಬೆಳೆದ ಬ್ಯಾಕ್ಟೀರಿಯಾ ದಂಟಿನ ನಾಳಗಳನ್ನು ಮುಚ್ಚಿದರೆ, ಉತ್ತಮ ಪೋಷಣೆ ಪಡೆದ ಹೂವೂ ಬಾಡುವುದು. ಮಣ್ಣಿನ ಹದವೂ ಪಾತ್ರೆಯ ಶುಚಿಯೂ ಕೂಡಿದಾಗಲೇ ಬೆಳೆಗಾರನ ಶ್ರಮ ಸಾರ್ಥಕ.